ತುಟಿಯಲ್ಲಿ ಕೇಳಿದ ಗೋಲು

ಅಬೆಲ್ ಓರ್ಮರಾಡ್ ಅವರನ್ನು ನಾನು ಮೊದಲು ನೋಡಿದ್ದು 1873ರ ಮಾರ್ಚ್ ತಿಂಗಳ ಮೊದಲ ಸೋಮವಾರ, ಸ್ಕೇಲ್‌ಬ್ಯಾಂಕ್ ಗಿರಣಿಯ ನೇಯ್ಗೆ ಶೆಡ್ಡಿನಲ್ಲಿ. ನನಗಾಗ ಹದಿನಾರು ವರ್ಷ. ನನ್ನ ಪಾಲಿಗೆ ಎರಡು ಮಗ್ಗ ಬಂದಿದ್ದವು. ಶೆಡ್ಡಿನಲ್ಲಿದ್ದದ್ದು ಮುನ್ನೂರ ಎಂಬತ್ತು. ಅವೆಲ್ಲ ಒಟ್ಟಿಗೆ ಶುರುವಾದಾಗ ಕಲ್ಲು ನೆಲ ನಡುಗಿ ನನ್ನ ಹಲ್ಲು ಕಟಕಟ ಅಂದವು. ಹತ್ತು ನಿಮಿಷವಾಗಿರಲಿಲ್ಲ, ಎರಡನೆಯ ಮಗ್ಗದ ಲಾಳಿ ಹಾರಿ ಗೋಡೆಗೆ ಬಡಿದು ಬಿತ್ತು. ಸ್ಪ್ಯಾನರು ಹಿಡಿದು ಉದ್ದನೆಯ ಒಬ್ಬ ಮನುಷ್ಯ ಬಂದರು. ಅವರೇ ಆ ಸಾಲಿನ ಮಗ್ಗದ ಮೇಸ್ತ್ರಿ, ಅಬೆಲ್. ಮಗ್ಗದ ಕೆಳಗೆ ನುಗ್ಗಿ ಎರಡು ಬೋಲ್ಟು ತಿರುಗಿಸಿ ಎದ್ದು ನಿಂತು ನನಗೆ ಏನೋ ಹೇಳಿದರು. ಬಾಯಿ ಅಗಲಕ್ಕೆ ಆಡಿತು, ದನಿ ಬರಲಿಲ್ಲ.

"ಏನು?" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವರು ರೆಪ್ಪೆ ಕೂಡ ಮಿಟುಕಿಸಲಿಲ್ಲ. ತಮ್ಮ ತುಟಿ ತೋರಿಸಿ, ನನ್ನ ಕಣ್ಣು ತೋರಿಸಿ, ಅದನ್ನೇ ಮತ್ತೆ ನಿಧಾನವಾಗಿ ಹೇಳಿದರು. ಮೂರನೆಯ ಸಲಕ್ಕೆ ನನಗೆ ಓದಲು ಬಂತು.

"ನಿಮ್ಮಣ್ಣ ಚೆನ್ನಾಗಿ ಓಡ್ತಾನಾ?"

ನಾನೂ ದನಿಯಿಲ್ಲದೆ ಬಾಯಾಡಿಸಿದೆ. "ನಂಗೆ ಅಣ್ಣ ಇಲ್ಲ."

"ಚಿಕ್ಕಪ್ಪ?"

"ಇದಾರೆ. ಕುಂಟ್ತಾರೆ."

ಮೇಸ್ತ್ರಿ ಮುಖ ಸಪ್ಪಗೆ ಮಾಡಿಕೊಂಡು ಮುಂದಿನ ಮಗ್ಗಕ್ಕೆ ಹೋದರು. ಹೊಸಬರು ಯಾರೇ ಬಂದರೂ ಅವರು ಕೇಳುತ್ತಿದ್ದದ್ದು ಅದೊಂದೇ ಎಂದು ಊಟದ ಹೊತ್ತಿಗೆ ಗೊತ್ತಾಯಿತು. ಆ ಚಳಿಗಾಲದಲ್ಲಿ ಅವರು ನಮ್ಮೂರು ಹೆಬ್‌ಕ್ಲಫ್‌ಗೆ ಒಂದು ಫುಟ್‌ಬಾಲ್ ಕ್ಲಬ್ಬು ಕಟ್ಟುತ್ತಿದ್ದರು. ಏಳು ಜನ ಸಿಕ್ಕಿದ್ದರು, ಇನ್ನೂ ನಾಲ್ವರು ಬೇಕಿತ್ತು.

ನಮ್ಮೂರಲ್ಲಿ ಮಗ್ಗದ ಮೇಸ್ತ್ರಿಗಳೆಂದರೆ ತಮಾಷೆಗೆ ಸಿಕ್ಕ ಜಾತಿ. ಮಳೆ ಎಷ್ಟು ಬಿತ್ತು ಎಂದು ಅಳೆಯಲು ತಳವಿಲ್ಲದ ಬಕೆಟ್ ಇಟ್ಟವನು ಮೇಸ್ತ್ರಿ, ಎರಡೂ ಎಡಗಾಲಿನ ಬೂಟು ಕೊಂಡು ಅಂಗಡಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೋದವನೂ ಮೇಸ್ತ್ರಿ. ಅಬೆಲ್ ಕ್ಲಬ್ಬು ಕಟ್ಟಿದಾಗಲೂ ಜನ ಹಾಗೇ ನಕ್ಕರು. ನಗುವುದಕ್ಕೆ ಕಾರಣವೂ ಇತ್ತು. ಸ್ವತಃ ಅವರಿಗೆ ಆಡಲು ಬರುತ್ತಿರಲಿಲ್ಲ. ಚೆಂಡು ಹತ್ತಿರ ಬಂದರೆ ಹೆಂಗಸರಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದರು. ಎರಡು ಪಂದ್ಯವಾದ ಮೇಲೆ ಆಟಗಾರರೇ ಸೇರಿ ಅವರನ್ನು ಹೊರಗಿಟ್ಟು ಅಂಪೈರು ಮಾಡಿದರು.

ಆ ಕಾಲದಲ್ಲಿ ಒಂದೊಂದು ತಂಡ ಒಬ್ಬೊಬ್ಬ ಅಂಪೈರನ್ನು ತರುತ್ತಿತ್ತು. ಮೈದಾನದ ಅರ್ಧ ಒಬ್ಬನಿಗೆ, ಅರ್ಧ ಇನ್ನೊಬ್ಬನಿಗೆ, ಕೈಯಲ್ಲಿ ಒಂದು ಕೋಲು. ಚೆಂಡು ಕಂಬಗಳ ನಡುವೆ ಹೋದರೂ ಸರಿ, ಯಾರಾದರೂ ಕೈಯಲ್ಲಿ ಹಿಡಿದರೂ ಸರಿ, ಆಟಗಾರರು "ಏನಂತೀರಿ, ಅಂಪೈರೇ?" ಎಂದು ಕೇಳಬೇಕು. ಕೇಳಿದರೆ ಮಾತ್ರ ಅವನು ಕೋಲೆತ್ತಬಹುದು. ಕೇಳದಿದ್ದರೆ ಗೋಲೂ ಗೋಲಲ್ಲ. ಇಬ್ಬರು ಅಂಪೈರುಗಳಿಗೆ ಒಮ್ಮತ ಬರದಿದ್ದರೆ ಗೆರೆಯಾಚೆ ನಿಂತ ರೆಫ್ರಿಯನ್ನು ಕೇಳಬೇಕು.

ಅಬೆಲ್ ಆ ಕೆಲಸಕ್ಕೆ ಹೇಳಿ ಮಾಡಿಸಿದವರು ಎಂದು ಊರೆಲ್ಲ ಒಪ್ಪಿತು. ಯಾರು ಎಷ್ಟು ಬೈದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಎಂಟನೆಯ ವಯಸ್ಸಿಗೆ ಶೆಡ್ಡು ಸೇರಿದವರು, ಮೂವತ್ತೆರಡಕ್ಕೆ ಕಿವಿ ಪೂರ್ತಿ ಹೋಗಿತ್ತು. ನಮ್ಮಲ್ಲಿ ಅದನ್ನು ಯಾರೂ ಕುಂದು ಎಂದುಕೊಳ್ಳುತ್ತಿರಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುವವರು, ಮನೆಗೆ ಬಂದರೂ ಅರ್ಧ ಮಾತು ತುಟಿಯಲ್ಲೇ. ಆದರೆ ಬೈಯಲು ಹೋದವರಿಗೆ ಬೇಗ ಬುದ್ಧಿ ಬಂತು. ಅಬೆಲ್ ಅರವತ್ತು ಗಜ ದೂರದಿಂದ ತುಟಿ ಓದುತ್ತಿದ್ದರು.

"ಲಾಟ್, ನನ್ನಮ್ಮನ ಸುದ್ದಿ ಯಾಕೋ ತೆಗೀತೀಯಾ?" ಎಂದು ಮೈದಾನದ ಈ ತುದಿಯಿಂದ ಒಮ್ಮೆ ಕೇಳಿದರು. ಲಾಟ್ ಆ ತುದಿಯಲ್ಲಿ, ಬೆನ್ನು ಬಗ್ಗಿಸಿ, ಬೂಟಿನ ದಾರಕ್ಕೆ ಹೇಳಿಕೊಂಡಿದ್ದ. ಅಂದಿನಿಂದ ಹೆಬ್‌ಕ್ಲಫ್ ಆಟಗಾರರು ಬಾಯಿಗೆ ಕೈ ಅಡ್ಡ ಹಿಡಿದು ಬೈಯುವುದನ್ನು ಕಲಿತರು.

ಈ ಲಾಟ್ ಹೋಲ್ಡನ್ ತಂಡದ ನಾಯಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ನನ್ನನ್ನು ಮದುವೆಯಾದದ್ದು ನಾನೀಗ ಹೇಳಹೊರಟ ಪಂದ್ಯವಾದ ಮೇಲಿನ ಬೇಸಿಗೆಯಲ್ಲಿ.

ಕ್ಲಬ್ಬಿಗೊಂದು ಕಟ್ಟಳೆ ಮಾಡಿದವರೂ ಅಬೆಲ್ಲೇ. "ಹನ್ನೊಂದು ಬಾಯಿ ಒಟ್ಟಿಗೆ ಅಲ್ಲಾಡಿದ್ರೆ ನಾನು ಯಾವ್ದು ಅಂತ ಓದ್ಲಿ? ನಾಯಕ ಒಬ್ನೇ ಕೇಳ್ಬೇಕು. ಮಿಕ್ಕೋರು ಬಾಯಿ ಮುಚ್ಕೊಂಡಿರಿ." ಊರೂರು ತಿರುಗುವ ತಂಡಗಳು ನಮ್ಮವರ ಮರ್ಯಾದೆ ನೋಡಿ ಬೆರಗಾಗುತ್ತಿದ್ದವು. ಎಷ್ಟು ಶಿಸ್ತು, ಒಬ್ಬನೇ ಕೇಳುತ್ತಾನೆ ಎಂದು ಹೊಗಳಿ ಹೋಗುತ್ತಿದ್ದರು. ಕಾರಣ ಏನೆಂದು ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಾವು ಆಡುತ್ತಿದ್ದದ್ದು ಕ್ರಿಕೆಟ್‌ನವರ ಮೈದಾನದಲ್ಲಿ, ಚಳಿಗಾಲಕ್ಕೆ ಮಾತ್ರ. 1881ರ ಜನವರಿಯಲ್ಲಿ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿ ಮಿಸ್ಟರ್ ಪಾರ್ ಶೆಡ್ಡಿನ ಬಾಗಿಲಿಗೇ ಬಂದರು. ಲಾಟ್ ಮತ್ತು ಅಬೆಲ್ ಹೊರಗೆ ನಿಂತು ಟಿನ್ ಡಬ್ಬಿಯಲ್ಲಿ ಚಹಾ ಕುಡಿಯುತ್ತಿದ್ದರು. ನಾನೂ ಇದ್ದೆ.

"ಬೂಟಲ್ಲಿ ನೆಲ ಉತ್ತು ಹಾಕ್ತೀರಿ. ಕಮಿಟಿಯವರು ಕುರಿ ಬಿಡೋಣ ಅಂತಿದಾರೆ," ಅಂದರು ಪಾರ್.

"ಕುರಿ ಕೌಂಟಿ ಕಪ್ಪಲ್ಲಿ ಆಡ್ತಾವಾ ಸ್ವಾಮಿ?" ಅಂದ ಲಾಟ್.

"ನೀವು ಎಷ್ಟು ದಿನ ಆಡ್ತೀರೋ ನೋಡೋಣ. ಮುಂದಿನ ತಿಂಗಳು ಮಾರ್ಲೆ ಗ್ರೇಂಜ್‌ನವರನ್ನ ಸೋಲಿಸಿದ್ರೆ ಮೈದಾನ ನಿಮ್ದು, ಹತ್ತು ವರ್ಷಕ್ಕೆ ಬರ್ಕೊಡ್ತೀವಿ. ಸೋತ್ರೆ ಮಾರನೇ ದಿನಾನೇ ಕಂಬ ಕಿತ್ಕೊಂಡು ಹೋಗಿ."

ಅಬೆಲ್ ಅವರ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಪಾರ್ ಹೋದ ಮೇಲೆ ಚಹಾ ನೆಲಕ್ಕೆ ಚೆಲ್ಲಿ ನನ್ನ ಕಡೆ ತಿರುಗಿದರು. "ಬೇರೆ ಮೈದಾನ ಈ ಕಣಿವೇಲಿ ಎಲ್ಲಿದೆ ಟ್ಯಾಬಿ? ಎಲ್ಲಾ ಇಳಿಜಾರು. ಇದು ಹೋದ್ರೆ ಕ್ಲಬ್ಬೇ ಹೋಯ್ತು." ಮದುವೆಯಿಲ್ಲ, ಮಕ್ಕಳಿಲ್ಲ. ಅವರಿಗೆ ಇದ್ದದ್ದು ಕ್ಲಬ್ಬೊಂದೇ.

ಫೆಬ್ರವರಿ ಹನ್ನೆರಡು, ಶನಿವಾರ. ಗಿರಣಿ ಒಂದು ಗಂಟೆಗೆ ನಿಂತಿತು. ಸಾವಿರದ ಎಂಟುನೂರು ಜನ ಊಟಕ್ಕೂ ಮನೆಗೆ ಹೋಗದೆ ಆಲೂಗಡ್ಡೆ ಪೈ ಕೈಯಲ್ಲಿ ಹಿಡಿದು ಮೈದಾನಕ್ಕೆ ಓಡಿದರು. ಬೀದಿಯುದ್ದ ಮರದ ಅಟ್ಟೆಯ ಬೂಟುಗಳ ಸದ್ದು ಮತ್ತೊಂದು ಶೆಡ್ಡಿನ ಮಗ್ಗಗಳು ಶುರುವಾದ ಹಾಗಿತ್ತು. ನಾನು ಮೇಲಿನ ಗೋಲಿನ ಹಿಂದಿದ್ದ ಕಲ್ಲುಗೋಡೆ ಹತ್ತಿ ಕೂತೆ. ಮಳೆ ಅಡ್ಡಡ್ಡ ಬೀಳುತ್ತಿತ್ತು. ಆಗಿನ್ನೂ ಕಂಬಗಳ ಮೇಲೆ ಅಡ್ಡಮರ ಇರಲಿಲ್ಲ, ಒಂದು ಕಂಬದ ತುದಿಯಿಂದ ಇನ್ನೊಂದಕ್ಕೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿರುತ್ತಿದ್ದರು, ಚೆಂಡು ಅದರ ಕೆಳಗೆ ಹೋದರೆ ಮಾತ್ರ ಗೋಲು.

ಒಂದು ತೊಂದರೆ ಮೊದಲೇ ಗೊತ್ತಾಗಿತ್ತು. ಲಾಟ್‌ಗೆ ಗುರುವಾರದಿಂದ ನೆಗಡಿ, ಗಂಟಲು ಪೂರ್ತಿ ಕಟ್ಟಿತ್ತು. ಇಲಿ ಕಿರುಗುಟ್ಟಿದಷ್ಟೂ ದನಿ ಬರುತ್ತಿರಲಿಲ್ಲ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅಬೆಲ್‌ಗೆ ದನಿ ಯಾಕೆ?

ಮಾರ್ಲೆ ಗ್ರೇಂಜ್‌ನವರು ದೊಡ್ಡ ಶಾಲೆಯಲ್ಲಿ ಓದಿದವರು, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಒಬ್ಬೊಬ್ಬನೂ ಬಾಗಿಲಿನಷ್ಟು ಎತ್ತರ. ಇಪ್ಪತ್ತನೆಯ ನಿಮಿಷಕ್ಕೆ ಒಂದು ಗೋಲು ಹೊಡೆದರು. ನಮ್ಮವರು ಅರ್ಧ ಸಮಯಕ್ಕೆ ಎರಡು ನಿಮಿಷವಿದ್ದಾಗ ಒಂದು ಹೊಡೆದು ಸರಿಮಾಡಿದರು. ಆಮೇಲೆ ಆಟವಲ್ಲ, ಕೆಸರಿನಲ್ಲಿ ಕುಸ್ತಿ. ಯಾರು ಯಾರೆಂದು ಟೋಪಿ ನೋಡಿ ಗುರುತಿಸಬೇಕಾಯಿತು. ಗೋಡೆಯ ಮೇಲಿದ್ದವರೆಲ್ಲ ಹಿಮ್ಮಡಿಯಿಂದ ಕಲ್ಲು ಬಡಿಯುತ್ತಿದ್ದೆವು. ನನ್ನ ಬೂಟಿನ ಒಂದು ಲಾಳವೇ ಕಿತ್ತು ಬಿತ್ತು.

ಆರು ನಿಮಿಷ ಉಳಿದಿತ್ತು. ನಮ್ಮ ಎಡಗಡೆಯ ಆಟಗಾರ ಗೆರೆಯುದ್ದಕ್ಕೂ ನುಗ್ಗಿ ಬಂದ. ಅವರ ಗೋಲು ಕಾಯುವವನು ಅವನ ಕಾಲಿಗೆ ಹಾರಿ, ಜಾರಿ, ಮುಖ ಕೆಸರಿನಲ್ಲಿ ಹೂತು ಬಿದ್ದ. ನಮ್ಮವನು ಒದ್ದ. ಪಟ್ಟಿ ಅದುರಿತು. ಚೆಂಡು ನನ್ನ ಪಾದದ ಕೆಳಗೆ ಗೋಡೆಗೆ ಬಡಿದು ಅಷ್ಟೇ ಜೋರಾಗಿ ಮೈದಾನಕ್ಕೆ ಹಿಂದಿರುಗಿತು. ಲಾಟ್ ಎರಡೂ ಕೈ ಎತ್ತಿ ಅಬೆಲ್ ಕಡೆ ತಿರುಗಿ ಬಾಯಿ ಅಗಲಿಸಿದ.

"ಏನಂತೀರಿ, ಅಂಪೈರೇ?"

ದನಿಯಿಲ್ಲ. ನಾನು ಓದಿದೆ, ಗೋಡೆಯ ಮೇಲಿದ್ದವರೆಲ್ಲ ಓದಿದರು. ಅಬೆಲ್ ಲಾಟ್‌ನನ್ನೇ ನೋಡುತ್ತಿದ್ದರು. ಕೋಲೆತ್ತಿದರು.

ನಮ್ಮ ಹನ್ನೊಂದು ಜನ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಆದರೆ ಮಾರ್ಲೆಯವರು ನಿಲ್ಲಲಿಲ್ಲ. ಯಾರೂ ಏನೂ ಕೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ, ಅಂದ ಮೇಲೆ ಆಟ ನಡೆಯುತ್ತಲೇ ಇತ್ತು. ಅವರ ನಾಯಕ ಮಿಸ್ಟರ್ ಸ್ಟ್ರಿಕ್‌ಲ್ಯಾಂಡ್ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನ ಹಾಗೆ ಕೆಳಗಿನ ತುದಿಯವರೆಗೂ ಓಡಿ, ಯಾರೂ ಕಾಯದಿದ್ದ ನಮ್ಮ ಗೋಲಿಗೆ ನಡೆದುಕೊಂಡೇ ಹೊಡೆದ. "ಏನಂತೀರಿ, ಅಂಪೈರೇ?" ಎಂದು ಚಾಪೆಲಿನ ಗಂಟೆಯಂತೆ ಕೇಳಿದ. ಅವರ ಅಂಪೈರು ಕೋಲೆತ್ತಿದ.

ಮೈದಾನದ ಒಂದೊಂದು ತುದಿಯಲ್ಲಿ ಒಂದೊಂದು ಕೋಲು ಮೇಲೆ. ಅಬೆಲ್ ಅವರದ್ದು ನಿಂತರೆ ಆಟ ಅಲ್ಲೇ ನಿಂತ ಹಾಗೆ, ನಮಗೆ ಎರಡು, ಅವರಿಗೆ ಒಂದು. ಬಿದ್ದರೆ ಅವರಿಗೆ ಎರಡು, ಬೆಳಿಗ್ಗೆ ಕುರಿ.

ರೆಫ್ರಿ ಮಿಸ್ಟರ್ ಲಿವ್‌ಸೀ ಪಕ್ಕದೂರಿನ ಶಾಲೆಯ ಮೇಷ್ಟ್ರು, ಗಿಡ್ಡ ಮನುಷ್ಯ, ಕನ್ನಡಕದ ಮೇಲೆಲ್ಲ ಮಳೆ. ಕೊಡೆ ಹಿಡಿದೇ ಒಳಗೆ ಬಂದರು. ಜನ ಹಗ್ಗ ದಾಟಿ ಸುತ್ತ ಮುತ್ತಿದರು. ನಾನೂ ಗೋಡೆಯಿಂದ ಧುಮುಕಿದೆ.

"ಕೇಳ್ದೇ ಕೋಲೆತ್ತಿದ್ದಾನೆ ಈತ," ಅಂದ ಸ್ಟ್ರಿಕ್‌ಲ್ಯಾಂಡ್. "ನಮ್ಮಲ್ಲಿ ಒಬ್ಬರ ಕಿವಿಗೂ ಬಿದ್ದಿಲ್ಲ."

ರೆಫ್ರಿ ಅಬೆಲ್ ಕಡೆ ತಿರುಗಿದರು. "ಯಾರಾದ್ರೂ ಕೇಳಿದ್ದು ನಿಮ್ಮ ಕಿವಿಗೆ ಬಿತ್ತಾ?"

ಅಬೆಲ್ ಭಾನುವಾರ ತಪ್ಪದೆ ಚಾಪೆಲಿಗೆ ಹೋಗುವವರು, ಸುಳ್ಳು ಹೇಳುವ ಪೈಕಿ ಅಲ್ಲ. "ಕಿವಿಗೆ ಏನಾದ್ರೂ ಬಿದ್ದು ಹನ್ನೊಂದು ವರ್ಷ ಆಯ್ತು ಸ್ವಾಮಿ."

ಸ್ಟ್ರಿಕ್‌ಲ್ಯಾಂಡ್ ನಕ್ಕ. "ಕಿವುಡ! ಇವ್ರು ಕಿವುಡನ್ನ ಅಂಪೈರು ಮಾಡಿದಾರೆ."

"ಕಿವುಡ ಆದ್ರೇನು," ಅಂದಳು ಹಿಂದಿನಿಂದ ಯಾರೋ ಹೆಂಗಸು, "ನಿಮ್ಮವನು ಕುರುಡ, ನಾವೇನಾದ್ರೂ ಅಂದ್ವಾ?"

"ಲಾಟ್ ಕೇಳ್ದ," ಅಂದರು ಅಬೆಲ್. "ತುಟೀಲಿ ಕೇಳ್ದ. ನಾನು ಓದ್ದೆ. ಅಂಪೈರನ್ನ ಕೇಳ್ಬೇಕು ಅಂತ ಕಾನೂನಲ್ಲಿದೆ. ಕೂಗ್ಬೇಕು ಅಂತ ಎಲ್ಲಿದೆ, ತೋರ್ಸಿ."

ಮಿಸ್ಟರ್ ಲಿವ್‌ಸೀ ಕೋಟಿನ ಜೇಬಿನಿಂದ ಕಾನೂನಿನ ಪುಸ್ತಕ ತೆಗೆದರು. ಒದ್ದೆಯಾಗಿ ಹಾಳೆಗಳು ಅಂಟಿಕೊಂಡಿದ್ದವು. ಹೇಗೋ ಬಿಡಿಸಿ ಎರಡು ಸಲ ಓದಿದರು. ಕೂಗಬೇಕು ಎಂದು ಇರಲಿಲ್ಲ.

"ಇವರು ಊರೋರೆಲ್ಲಾ ಸೇರಿ ಆಡ್ತಿರೋ ನಾಟಕ ಇದು," ಅಂದ ಸ್ಟ್ರಿಕ್‌ಲ್ಯಾಂಡ್. "ದನಿ ಇಲ್ದೆ ಅಷ್ಟು ದೂರದಿಂದ ಯಾರು ಓದ್ತಾರೆ?"

"ಪರೀಕ್ಷೆ ಮಾಡಿಬಿಡೋಣ," ಅಂದರು ರೆಫ್ರಿ. ಎಷ್ಟೆಂದರೂ ಮೇಷ್ಟ್ರು. ಸುತ್ತ ನೋಡಿದರು. ಎದುರಿಗೆ ನಾನಿದ್ದೆ. "ನೀನೂ ಶೆಡ್ಡಿನೋಳೇನಮ್ಮಾ?"

"ಹೌದು ಸ್ವಾಮಿ. ಈಗ ನಾಲ್ಕು ಮಗ್ಗ."

ಅವರು ಬಗ್ಗಿ, ಬಾಯಿಗೆ ಪುಸ್ತಕ ಅಡ್ಡ ಹಿಡಿದು, ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. ಆ ಕೆಳಗಿನ ಮೂಲೆಗೆ ಹೋಗಿ ನಿಂತು ಅದನ್ನೇ ತುಟಿಯಲ್ಲಿ ಹೇಳಬೇಕು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಕೈ ಹಿಂದೆ ಕಟ್ಟಿ," ಅಂದ ಸ್ಟ್ರಿಕ್‌ಲ್ಯಾಂಡ್. "ಸನ್ನೆ ಮಾಡ್ತಾಳೆ."

ನನ್ನದೇ ಶಾಲಿನಿಂದ ನನ್ನ ಕೈ ಹಿಂದಕ್ಕೆ ಕಟ್ಟಿದರು. ಲಾಟ್ ಬಾಯಿ ಬಿಟ್ಟು ಏನೋ ಜಗಳಕ್ಕೆ ನಿಂತ. ದನಿ ಬಾರದೆ ಮೀನಿನ ಹಾಗೆ ಕಂಡ. ನಾನು ನಡೆದೆ. ಕೆಸರಿನಲ್ಲಿ ಎಪ್ಪತ್ತನಾಲ್ಕು ಹೆಜ್ಜೆ, ಎಣಿಸಿದ್ದೇನೆ. ತಿರುಗಿ ನಿಂತಾಗ ಅಬೆಲ್ ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಜನ ಎರಡು ಗೋಡೆಯ ಹಾಗೆ ಇಬ್ಭಾಗವಾಗಿ ನಡುವೆ ದಾರಿ ಬಿಟ್ಟಿದ್ದರು. ನಾನು ತುಟಿ ತಪ್ಪಿದರೆ ಮೈದಾನ ಹೋಗುತ್ತದೆ.

ಹೇಳಿದೆ. ಶೆಡ್ಡಿನಲ್ಲಿ ನೂಲು ಮುಗಿದಾಗ ಹೇಳುವಷ್ಟೇ ನಿಧಾನವಾಗಿ.

ಅಬೆಲ್ ಕಣ್ಣ ಮೇಲಿನ ಮಳೆನೀರು ಒರೆಸಿಕೊಂಡರು. ಆಮೇಲೆ ಕಿವುಡರ ಆ ಚಪ್ಪಟೆ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಈ ಮಳೇಲಿ ಹೋಗ್ಬೇಡ ಅಂತ ನಮ್ಮ..." ಅಲ್ಲಿಗೆ ನಿಲ್ಲಿಸಿದರು. "ನಮ್ಮ ಯಾರೋ ಒಬ್ರು ಬೆಳಿಗ್ಗೆ ಬೈದ್ರು. ಮಾವನೋ ಭಾವನೋ ಗೊತ್ತಾಗ್ಲಿಲ್ಲ."

"ನೋಡಿದ್ರಾ?" ಅಂದ ಸ್ಟ್ರಿಕ್‌ಲ್ಯಾಂಡ್. "ತಪ್ಪಿದ."

"ತಪ್ಪಲಿಲ್ಲ ಸ್ವಾಮಿ. ಗೊತ್ತಾಗ್ಲಿಲ್ಲ ಅಂದೆ. ತುಟಿ ಮೇಲೆ ಎರಡೂ ಒಂದೇ, ನೀವೇ ಕನ್ನಡಿ ಮುಂದೆ ಹೇಳ್ಕೊಂಡು ನೋಡಿ. ಕೈ ಕಟ್ಟದೇ ಇದ್ದಿದ್ರೆ, ಮಾವ ಅನ್ನೋದಕ್ಕೆ ಗಡ್ಡ ನೀವಿ ತೋರ್ಸೋಳು. ಕೈ ಕಟ್ಟಿದವ್ರು ನೀವು."

ಸಾಲಿನಲ್ಲಿ ನಿಂತಿದ್ದ ಎಷ್ಟೋ ಜನ, ಮಾರ್ಲೆಯವರೂ ಸೇರಿ, ಮಾವ, ಭಾವ, ಮಾವ, ಭಾವ ಎಂದು ತಮ್ಮತಮ್ಮಲ್ಲೇ ತುಟಿ ಆಡಿಸಿ ನೋಡಿದರು. ಅವರ ಅಂಪೈರು ತನ್ನ ತುಟಿಯನ್ನೇ ಬೆರಳಿನಲ್ಲಿ ಮುಟ್ಟಿಕೊಳ್ಳುತ್ತಿದ್ದ. "ಅದು ನಿಜ ಸ್ಟ್ರಿಕ್‌ಲ್ಯಾಂಡ್," ಅಂದ, "ಒಂದೇ ಥರ ಇದೆ."

ಮಿಸ್ಟರ್ ಲಿವ್‌ಸೀ ಕೊಡೆ ಮಡಚಿದರು. "ನನಗೆ ಭಾವಂದಿರಿಲ್ಲ. ಮಾವ ಇದಾರೆ. ಬೈದಿದ್ದೂ ನಿಜ." ಪುಸ್ತಕ ಜೇಬಿಗೆ ಹಾಕಿದರು. "ಗೊತ್ತಿಲ್ದೇ ಇರೋದನ್ನ ಗೊತ್ತಿಲ್ಲ ಅಂತಾನೆ ಈತ. ಗೊತ್ತು ಅಂದಿದ್ದನ್ನ ನಾನು ಯಾಕೆ ನಂಬಬಾರದು? ಕೇಳಿದ್ದು ಕೇಳಿದ ಹಾಗೇ. ಗೋಲು."

ಇಡೀ ಜಗಳ ಹಾಗೆ ಕೇಳಿದ್ದರ ಮೇಲೇ ನಿಂತು, ಕೇಳಿದ್ದರ ಮೇಲೇ ಮುಗಿಯಿತು. ಮಿಕ್ಕ ಆರು ನಿಮಿಷ ಹೇಗೆ ಕಳೆಯಿತೋ ನಾನು ಕಾಣೆ. ಕೈ ಕಟ್ಟಿದ್ದ ಶಾಲು ಬಿಚ್ಚಲು ಯಾರಿಗೂ ನೆನಪಿರಲಿಲ್ಲ. ಹಾಗೇ ನಿಂತು ಗಂಟಲು ಬಿರಿಯುವ ಹಾಗೆ ಕೂಗಿದೆ. ಪಂದ್ಯ ಮುಗಿದಾಗ ಲಾಟ್ ಓಡಿ ಬಂದು, ಶಾಲು ಬಿಚ್ಚುವ ಮೊದಲೇ, ತುಟಿಯಲ್ಲೊಂದು ಮಾತು ಕೇಳಿದ. ನಾನು ತುಟಿಯಲ್ಲೇ ಹೂಂ ಅಂದೆ. ಅಬೆಲ್ ನಲವತ್ತು ಗಜ ದೂರದಿಂದ "ಒಳ್ಳೇದಾಯ್ತು" ಎಂದು ಕೂಗಿ ನನ್ನ ಮಾನ ಕಳೆದರು.

ಮಿಸ್ಟರ್ ಪಾರ್ ಮಾತಿಗೆ ತಪ್ಪಲಿಲ್ಲ. ಮೈದಾನ ಹತ್ತು ವರ್ಷಕ್ಕೆ ಕ್ಲಬ್ಬಿನದಾಯಿತು, ಆಮೇಲೆ ಪೂರ್ತಿ ಕ್ಲಬ್ಬಿನದೇ ಆಯಿತು. ಮುಂದಿನ ಸುತ್ತಿನಲ್ಲಿ ಐದು ಗೋಲಿನಿಂದ ಸೋತೆವು, ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಪಟ್ಟಿ ಹೋಗಿ ಅಡ್ಡಮರ ಬಂತು. ಸ್ಕಾಟ್‌ಲ್ಯಾಂಡಿನಿಂದ ಸಂಬಳದ ಆಟಗಾರರು ಬಂದರು, ಅಬೆಲ್ ಅವರಿಗೂ ಮೊದಲ ದಿನ "ನಿಮ್ಮಣ್ಣ ಓಡ್ತಾನಾ?" ಎಂದೇ ಕೇಳಿದರು. 1891ರಲ್ಲಿ ಕಾನೂನೇ ಬದಲಾಯಿತು. ರೆಫ್ರಿ ಸೀಟಿ ಹಿಡಿದು ಮೈದಾನದ ಒಳಗೆ ಬಂದ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ ಎಂದಾಯಿತು. ಅಬೆಲ್‌ಗೆ ಸೀಟಿ ಕೇಳಿಸುವಂತಿರಲಿಲ್ಲ. ಕೋಲನ್ನು ಕ್ಲಬ್ಬಿಗೆ ಕೊಟ್ಟು, ಮಾರನೆಯ ಶನಿವಾರದಿಂದ ಗೇಟಿನಲ್ಲಿ ನಿಂತರು. ಟಿಕೆಟ್ ಹರಿಯುವಾಗಲೂ ಹುಡುಗರ ಕಾಲು ನೋಡುತ್ತಿದ್ದರು.

ಲಾಟ್ ಹೋಗಿ ಈಗ ಹದಿಮೂರು ವರ್ಷ. ಹತ್ತಿಯ ಧೂಳು ಎದೆಗೆ ಕೂತಿತ್ತು. ಆಮೇಲೆ ಭಾನುವಾರದ ಊಟ ನಾನೇ ಅಬೆಲ್ ಮನೆಗೆ ಒಯ್ಯುತ್ತಿದ್ದೆ, ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು. ಕೊನೆಯ ಎರಡು ವರ್ಷ ಅವರಿಗೆ ಕಣ್ಣಿಗೂ ಪೊರೆ ಬಂತು. ತುಟಿ ಓದಲಾಗದೆ, ನನ್ನ ತುಟಿಯ ಮೇಲೆ ಎರಡು ಬೆರಳಿಟ್ಟು ಮಾತು ತಿಳಿಯುತ್ತಿದ್ದರು. ಹಾಗೇ ಶನಿವಾರದ ಪಂದ್ಯ ಪೂರ್ತಿ ಹೇಳಿಸಿಕೊಳ್ಳುವರು. ಚೆಂಡು ಯಾವ ಕಾಲಿನಿಂದ ಹೋಯಿತು, ಗಾಳಿ ಯಾವ ಕಡೆ ಇತ್ತು ಎಂದು ಒಂದೂ ಬಿಡುತ್ತಿರಲಿಲ್ಲ. ಬೆರಳಿನ ಕೆಳಗೆ ಗೋಲು ಎಂಬ ಮಾತು ಬಂದಾಗ ಕುರ್ಚಿಯಿಂದ ಅರ್ಧ ಏಳುತ್ತಿದ್ದರು.

1909ರ ನವೆಂಬರ್‌ನಲ್ಲಿ ಹಾಸಿಗೆ ಹಿಡಿದರು. ಆ ಭಾನುವಾರ ನಾನು ಕುರಿಮಾಂಸದ ಸಾರು ಕುಡಿಸಿ, ಹಿಂದಿನ ದಿನ ನಮ್ಮವರು ಮೂರು ಹೊಡೆದದ್ದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಬೆರಳು ತೆಗೆಯಲಿಲ್ಲ.

"ಟ್ಯಾಬಿ, ಮಾರ್ಲೆಯವರ ಮೇಲೆ ಆಡಿದ ದಿನ ನೀನು ಗೋಲಿನ ಹಿಂದಿನ ಗೋಡೆ ಮೇಲೆ ಕೂತಿದ್ದೆ ಅಲ್ವಾ?"

ಹೌದು ಅಂದೆ.

"ಲಾಟ್ ಏನು ಕೇಳ್ದ, ಕೇಳ್ದ್ನಾ ಇಲ್ವಾ, ಎಲ್ಲಾ ವಿಚಾರಣೆ ಮಾಡಿದ್ರು. ಇನ್ನೊಂದನ್ನ ಯಾರೂ ಕೇಳ್ಲಿಲ್ಲ. ಲಾಟ್‌ಗೆ ದನಿ ಇಲ್ಲ ಅಂತ ನಂಗೆ ಗೊತ್ತಿತ್ತಲ್ಲ, ಅವನ ಬಾಯಿ ತಪ್ಪಿ ಹೋದೀತು ಅಂತ, ನಮ್ಮೋನು ಒದೆಯೋಕೆ ಮುಂಚೆಯಿಂದ್ಲೂ ನಾನು ಲಾಟ್ ತುಟೀನೇ ನೋಡ್ತಿದ್ದೆ ಕಣೆ, ಚೆಂಡನ್ನಲ್ಲ."

ಅವರ ಎರಡು ಬೆರಳು ನನ್ನ ತುಟಿಯ ಮೇಲೆ ಕಾಯುತ್ತಿದ್ದವು.

"ಚೆಂಡು ಪಟ್ಟಿ ಕೆಳಗೇ ಹೋಯ್ತಾ?"